ಬಾವುಟದ ಮನೆ

ಆ ಬಾವುಟ ಕಂಡರೆ ಗಿರಿರಾಜನ ಮೈ ಉರಿಯುತ್ತಿತ್ತು. ರಾಜಾಜಿನಗರದ ಮುಖ್ಯರಸ್ತೆಯಲ್ಲಿ, ಸೀರೆ ಅಂಗಡಿ ಮತ್ತು ದರ್ಶಿನಿಗಳ ನಡುವೆ, ತಾತ ಕಟ್ಟಿಸಿದ ಕಲ್ಲಿನ ಬಂಗಲೆ. ಅದರ ಮುಂಭಾಗ ಈಗ ಯಾವುದೋ ಪುಟ್ಟ ದೇಶದ ಕಾನ್ಸುಲೇಟ್ ಕಚೇರಿ. ಬಾಡಿಗೆಗೆ ಕೊಟ್ಟವಳು ದೊಡ್ಡಮ್ಮ ನೀಲಮ್ಮ. ಹಿಂದಿನ ಕೋಣೆಗಳಲ್ಲಿ ತಾನಿದ್ದುಕೊಂಡು, ಬಾವುಟ ಏರಿಸುವ ಜವಾನನಿಗೂ ಕಾಫಿ ಕೊಟ್ಟುಕೊಂಡು, ರಾಣಿಯ ಹಾಗೆ ಮೆರೆಯುತ್ತಿದ್ದಳು.

ಮನೆಯಲ್ಲಿ ಗಿರಿರಾಜನಿಗೂ ಸಮಪಾಲಿತ್ತು. ಕೆಡವಿ ಹೋಟೆಲ್ ಕಟ್ಟಲು ಬಿಲ್ಡರ್ ತುದಿಗಾಲಲ್ಲಿ ನಿಂತಿದ್ದ. ಮುದುಕಿ ಮಾತ್ರ ಇದನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಿ ಅಂತ ಸರ್ಕಾರಕ್ಕೆ ಬರೆದು ಕೂತಿದ್ದಳು. ದಸರಾ ಮುಗಿದ ಕೂಡಲೇ ಸಮಿತಿಯವರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮುಗಿಯಿತು, ಒಂದು ಕಿಟಕಿಯನ್ನೂ ಅಲುಗಿಸುವಂತಿರಲಿಲ್ಲ.

"ನಾನಿರೋವರ್ಗೂ ಈ ಮನೆಗೆ ಗುದ್ದಲಿ ಬೀಳಲ್ಲ ಕಣೋ," ಎಂದಿದ್ದಳು.

ಗುದ್ದಲಿ ಬೇಡ, ಬೆಂಕಿ ಬೀಳಲಿ ಎಂದುಕೊಂಡ ಗಿರಿರಾಜ. ಸುಟ್ಟು ಕರಕಲಾದ ಮನೆಯನ್ನು ಯಾವ ಸಮಿತಿ ಕಾಪಾಡೀತು?

ಅವನಿಗೆ ಆತುರವಿರಲಿಲ್ಲ. ಮೊದಲು ಮಾತನ್ನು ಬಿತ್ತಿದ. ಕಾನ್ಸುಲೇಟಿನ ಗುಮಾಸ್ತನಿಗೆ, ಎದುರಿನ ಅಂಗಡಿಯವನಿಗೆ, ನೆಂಟರಿಗೆ, ಸಿಕ್ಕಸಿಕ್ಕವರಿಗೆಲ್ಲ "ವೈರಿಂಗ್ ಹಳೇದು, ಯಾವತ್ತು ಹತ್ಕೊಳತ್ತೋ ಗೊತ್ತಿಲ್ಲ" ಎಂದು ಅಲವತ್ತುಕೊಂಡ. ಆಮೇಲೆ ದಿನ ಆರಿಸಿದ. ಆಯುಧಪೂಜೆಯಂದು ಕಚೇರಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ದೊಡ್ಡಮ್ಮ ಬಸವೇಶ್ವರನಗರದ ತಂಗಿಯ ಮನೆಗೆ ಹೋಗುತ್ತಾಳೆ.

ಹಬ್ಬದ ಬೆಳಿಗ್ಗೆ ಗಿರಿರಾಜ ಮಲ್ಲಿಗೆ ಹಿಡಿದು ಕೆಂಗೇರಿಯ ತನ್ನ ಮನೆಯಿಂದ ಬಂದಿಳಿದಾಗ ಅವಳ ಮುಖ ಅರಳಿತು.

"ಈ ಪೂಜೆಗೆ ನೀನು ಬಂದಿದ್ದು ಇದೇ ಮೊದಲು ನೋಡು! ಬಾ, ನೀನೇ ಕುಂಕುಮ ಇಡು."

ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಅವನ ಇಕ್ಕಳ, ಸುತ್ತಿಗೆ, ಅಡುಗೆಮನೆಯ ಚಾಕು, ಕತ್ತರಿ, ಇನ್ನೂ ಏನೇನೋ ಹಾಳುಮೂಳು ದೇವರ ಮುಂದೆ ತಟ್ಟೆಯಲ್ಲಿದ್ದವು. ಗಿರಿರಾಜ ಮನಸ್ಸನ್ನು ಮುಂಭಾಗದ ತೇಗದ ಮೆಟ್ಟಿಲಿನ ಮೇಲಿಟ್ಟು, ಬೆರಳನ್ನು ಮಾತ್ರ ಒಂದೊಂದರ ಮೇಲೂ ಒತ್ತಿದ. ಮುದುಕಿಯ ಭಕ್ತಿ ಕಂಡು ಒಳಗೊಳಗೇ ಹೇಸಿಕೊಂಡ.

ಊಟವಾಯಿತು. "ನೀವು ಹೊರಡಿ ದೊಡ್ಡಮ್ಮ, ಬೀಗ ಹಾಕ್ಕೊಂಡು ಹಿಂದೇನೇ ಬರ್ತೀನಿ," ಎಂದು ಅವಳನ್ನು ಆಟೋ ಹತ್ತಿಸಿದ. ಕಳ್ಳ ಕೀಲಿಯಿಂದ ಕಚೇರಿ ತೆರೆದ. ಗೋಡೆಯ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಲು ಹೋದರೆ ಅದರ ಕೆಂಪು ದೀಪವೇ ಆರಿತ್ತು. ಹಬ್ಬಕ್ಕೆ ಇದಕ್ಕೂ ರಜೆಯೇ ಎಂದು ನಕ್ಕ. ಮೆಟ್ಟಿಲ ಕೆಳಗೆ ಹಳೆಯ ವೈರುಗಳು ಇಳಿದುಬಂದ ಮೂಲೆಯಲ್ಲಿ ಪರದೆಗಳನ್ನು ಗುಡ್ಡೆ ಹಾಕಿ, ನಡುವೆ ನಿಧಾನವಾಗಿ ಉರಿಯುವ ಮೇಣದಬತ್ತಿ ನಿಲ್ಲಿಸಿದ. ಶಾಕ್ ಹೊಡೆದು ತಾನೇ ಸತ್ತೇನೆಂದು ವೈರನ್ನಾಗಲಿ ಸ್ವಿಚ್ಚನ್ನಾಗಲಿ ಮುಟ್ಟಲಿಲ್ಲ.

ಫೋನ್ ಬಂದಾಗ ಅವನು ಬಸವೇಶ್ವರನಗರದಲ್ಲಿ, ದೊಡ್ಡಮ್ಮನ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದ.

ಬಂದು ನೋಡಿದರೆ ಮುಂಭಾಗ ಪೂರ್ತಿ ಬೆಂದಿತ್ತು, ಬಾವುಟದ ಕಂಬ ರಸ್ತೆಗೆ ಒರಗಿತ್ತು. ಗಿರಿರಾಜನಿಗೆ ಕುಣಿಯುವಷ್ಟು ಸಂತೋಷ. ಆದರೂ ವಿಚಾರಣೆಗೆ ಬಂದ ಇನ್ಸ್‌ಪೆಕ್ಟರ್ ಮುಂದೆ ತಲೆ ತಲೆ ಚಚ್ಚಿಕೊಂಡ.

"ಶಾರ್ಟ್ ಸರ್ಕ್ಯೂಟೇ ಸಾರ್. ಕೊನೇಲಿ ಬೀಗ ಹಾಕಿದ್ದು ನಾನೇ, ಒಳಗೆ ಒಂದು ನರಪಿಳ್ಳೆ ಇರ್ಲಿಲ್ಲ. ವೈರಿಂಗ್ ಹಳೇದು ಅಂತ ಎಲ್ಲರಿಗೂ ಬಡ್ಕೊಂಡಿದ್ದೆ."

ಎದುರು ಅಂಗಡಿಯವನು ಹೌದೆಂದ. ಇನ್ಸ್‌ಪೆಕ್ಟರ್ ತಲೆದೂಗಿದ.

"ಅದು ಹೆಂಗಾಗತ್ತೆ ಸಾರ್?" ಎಂದಳು ನೀಲಮ್ಮ, ಅಳು ನಿಲ್ಲಿಸಿ. ಬೆಂಕಿ ತಾಕದೆ ಉಳಿದಿದ್ದ ದೇವರ ಕೋಣೆಗೆ ಹೋಗಿ ಪೂಜೆಯ ತಟ್ಟೆಯನ್ನೇ ಎತ್ತಿಕೊಂಡು ಬಂದಳು. "ನಮ್ಮನೆಯೋರು ಹಾಕ್ಕೊಟ್ಟ ಪದ್ಧತಿ. ವರ್ಷವೆಲ್ಲ ದುಡಿಯೋ ಕರೆಂಟಿಗೂ ಇವತ್ತೊಂದಿನ ರಜಾ. ಬೆಳಿಗ್ಗೇನೇ ಕಿತ್ತಿಟ್ಟಿದ್ದೀನಿ, ಕಚೇರೀದೂ ಸೇರಿ ಇಡೀ ಮನೇದು." ಚಾಕು, ಕತ್ತರಿ, ಇಕ್ಕಳಗಳ ನಡುವೆ ಬಿಳಿ ಪಿಂಗಾಣಿಯ ಮೇನ್ ಫ್ಯೂಸ್ ಇತ್ತು. ಅದರ ಮೇಲಿನ ಕುಂಕುಮ ಗಿರಿರಾಜನೇ ಇಟ್ಟಿದ್ದು.