ಮೊಣಕೈ ಸಾಹೇಬರ ಫೋಟೋ

ಹತ್ತೊಂಬತ್ತು ವರ್ಷದಲ್ಲಿ ಔಷಧಿ ಕಂಪನಿ ಏಳು ವಿಪತ್ತುಗಳಿಗೆ ನೆರವು ಕಳಿಸಿತ್ತು. ಏಳು ಸಲವೂ ಪೆಟ್ಟಿಗೆ ಕಟ್ಟಿಸಿದವನು ಗೋದಾಮಿನ ಮೇಲ್ವಿಚಾರಕ. ಏಳು ಸಲವೂ ಪತ್ರಿಕೆಯಲ್ಲಿ ಬಂದದ್ದು ಮಾತ್ರ ಪೆಟ್ಟಿಗೆ ಎತ್ತಿಕೊಂಡು ನಗುವ ದೊಡ್ಡ ಸಾಹೇಬರ ಫೋಟೋ. ಅದೂ ಖಾಲಿ ಪೆಟ್ಟಿಗೆ. ತುಂಬಿದ್ದು ಹದಿನೈದು ಕಿಲೋ ತೂಗುತ್ತಿತ್ತು, ಅದನ್ನೆತ್ತಿ ನಗುವುದು ಸಾಹೇಬರ ಸೊಂಟಕ್ಕೆ ಆಗುವ ಮಾತಲ್ಲ. ಭೂಕಂಪದ ಸಲ ಫೋಟೋದ ಒಂದು ಅಂಚಿನಲ್ಲಿ ಇವನ ಮೊಣಕೈ ಬಂದಿತ್ತು. ಬಂದದ್ದೇ ತಪ್ಪಾಯಿತು. ಅಂದಿನಿಂದ ಪ್ಯಾಕಿಂಗ್ ಹೆಂಗಸರ ಬಾಯಲ್ಲಿ ಅವನು ಮೊಣಕೈ ಸಾಹೇಬ. "ಇಂಥಾ ಮೊಣಕೈ ಯಾರಿಗಿದೆ ರೀ?" ಎಂದು ಹೆಂಡತಿ ಆ ತುಣುಕನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿದ್ದಳು. ಎಲ್ಲರ ಜೊತೆ ಅವನೂ ನಗುತ್ತಿದ್ದ, ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಎಂಟನೆಯದಾಗಿ ನದಿ ಉಕ್ಕಿತು. ಆಚೆ ದಡದ ಊರುಗಳೆಲ್ಲ ಮುಳುಗಿ ಜನ ಶಿಬಿರ ಸೇರಿದರು. ನೂರು ಪೆಟ್ಟಿಗೆ ಔಷಧಿ ಕಳಿಸಬೇಕೆಂದು ಆಜ್ಞೆಯಾಯಿತು. ಕೊನೆಯ ಹನ್ನೆರಡರಲ್ಲಿ, ಅಂದರೆ ಎಂಬತ್ತೊಂಬತ್ತರಿಂದ ನೂರರವರೆಗೆ, ಜ್ವರದ ದುಬಾರಿ ಚುಚ್ಚುಮದ್ದು. ದೂರದ ಊರಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಷಡ್ಡಕ ಬಹಳ ದಿನದಿಂದ ಆಸೆ ಹುಟ್ಟಿಸುತ್ತಲೇ ಇದ್ದ. "ಮಾಲು ತಂದು ಪಾಲುದಾರ ಆಗಿ ಅಣ್ಣ. ಬೋರ್ಡಲ್ಲಿ ನಿಮ್ಮ ಹೆಸರೇ ಮೊದಲು, ಪಕ್ಕದಲ್ಲಿ ಫೋಟೋ."

ಆ ಫೋಟೋ ಎಂಬ ಮಾತು ನೇರ ಹೋಗಿ ಉರಿಯುವ ಹೊಟ್ಟೆಗೇ ತಗಲಿತು. ನೂರರಲ್ಲಿ ಹನ್ನೆರಡು ಹೋದರೆ ಯಾರಿಗೇನು, ಉಳಿದ ಎಂಬತ್ತೆಂಟು ಮುಟ್ಟುತ್ತವಲ್ಲ ಎಂದು ಅವನು ತನ್ನ ಮನಸ್ಸನ್ನು ತಾನೇ ಸಮಾಧಾನ ಮಾಡಿದ. ಮನಸ್ಸೂ ಬೇಗನೆ ಒಪ್ಪಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಡ್ಡ ಕಳ್ಳ ಮಾಲು ಕದ್ದು ಲೆಕ್ಕ ತಿದ್ದುತ್ತಾನೆ. ಇವನು ಹಾಗಲ್ಲ, ಹನ್ನೆರಡು ಪೆಟ್ಟಿಗೆಗಳನ್ನು ನಾಲ್ಕು ಜನರ ಕಣ್ಣೆದುರೇ ಹೊಳೆಗೆ ಬೀಳಿಸುವವನು. ನೀರುಪಾಲಾದದ್ದನ್ನು ಯಾರು ಹುಡುಕುತ್ತಾರೆ? ಹೊಳೆಯೇನು ಬಾಯಿ ಬಿಟ್ಟು ಸಾಕ್ಷಿ ಹೇಳುತ್ತದೆಯೇ?

ರಜೆಯ ದಿನ ಮಧ್ಯಾಹ್ನ ಗೋದಾಮಿನಲ್ಲಿ ಒಬ್ಬನೇ ಕೂತು ಚುಚ್ಚುಮದ್ದನ್ನೆಲ್ಲ ಹಳೆಯ ಸೋಪಿನ ಡಬ್ಬಗಳಿಗೆ ತುಂಬಿದ. ಖಾಲಿಯಾದ ಪೆಟ್ಟಿಗೆಗಳಿಗೆ ಮರಳು ಸುರಿದು ತೂಕ ಸರಿಮಾಡಿದ. ಶಿಳ್ಳೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ, ಆವತ್ತು ತಾನಾಗಿ ಬಂತು. ಒಂದೇ ಒಂದು ಪೆಟ್ಟಿಗೆ ಹಟ ಮಾಡಿತು. ನೂರನೆಯದರ ತಳ ಭಾರಕ್ಕೆ ಕಿತ್ತುಕೊಂಡು ಮರಳು ಕಾಲಮೇಲೆಲ್ಲ ಸುರಿಯಿತು. ಗಾಬರಿಯಾಗುವ ಆಸಾಮಿಯೇ ಅವನು? ಕಿತ್ತದ್ದನ್ನು ಮೇಲಿನ ಹಲಗೆಗೆ ಎಸೆದ. ಹೊಸ ಪೆಟ್ಟಿಗೆ ತಂದು, ಕಂಪನಿಯ ಹೆಸರಿನ ಕೆಳಗೆ ಹೊಸದಾಗಿ ನೂರರ ಚೀಟಿ ಅಂಟಿಸಿದ. ಚೀಟಿಯಲ್ಲಿ ಅಂಗೈ ಅಗಲದ ಅಂಕಿ ಇರಬೇಕೆಂದು ಎಷ್ಟೋ ವರ್ಷದ ಹಿಂದೆ ಹಟ ಹಿಡಿದವನೂ ಅವನೇ. ಈ ದಡದಲ್ಲಿ ನಿಂತರೆ ಆ ದಡದ ಪೆಟ್ಟಿಗೆ ಓದಬೇಕು ಎನ್ನುತ್ತಿದ್ದ. ಸಂಜೆಗೆ ಷಡ್ಡಕನ ವ್ಯಾನು ಬಂದು ಸೋಪಿನ ಡಬ್ಬ ಹೊತ್ತು ಹೋಯಿತು.

ಹೊಳೆಯ ದಡದಲ್ಲಿ ಎಲ್ಲವೂ ಹೇಳಿ ಬರೆಸಿದ ಹಾಗೆ ನಡೆಯಿತು. ಎಂಬತ್ತೆಂಟು ಪೆಟ್ಟಿಗೆ ದಾಟಿದವು. ಕೊನೆಯ ಹನ್ನೆರಡನ್ನು ದೋಣಿಯ ಅಂಚಿಗೇ ಪೇರಿಸಿ, ಆಚೆ ದಡ ಇನ್ನು ಹತ್ತು ಮಾರು ಇದೆ ಎನ್ನುವಾಗ ಅವನು ಕಾಲು ಜಾರಿದವನಂತೆ ಒರಗಿದ. ಪೆಟ್ಟಿಗೆಗಳು ಕುರಿಮಂದೆಯ ಹಾಗೆ ಒಂದರ ಹಿಂದೊಂದು ನೀರಿಗಿಳಿದವು. ನಾಟಕಕ್ಕೆ ಇನ್ನೊಂದು ಚಿಟಿಕೆ ಉಪ್ಪು ಬೇಕೆನಿಸಿ ಅವನೂ ಹಿಂದೆಯೇ ಹಾರಿದ. ಎರಡು ಗುಟುಕು ಕೆಸರು ನೀರು ಒಳಗೆ ಹೋಯಿತು. ಶಿಬಿರದ ವೈದ್ಯೆ ಸೊಂಟದುದ್ದ ನೀರಿಗಿಳಿದು ಬಂದು ಅವನ ಕೊರಳಪಟ್ಟಿ ಹಿಡಿದು ದಡಕ್ಕೆಳೆದಳು.

"ಔಷಧಿ ಇನ್ನೊಂದ್ ಸಲ ತರಿಸ್ಕೋಬಹುದು ಕಣಣ್ಣ," ಎಂದು ಬೈದಳು. "ನಿಮ್ಮನ್ನ ಎಲ್ಲಿಂದ ತರಿಸ್ಕೊಳ್ಳೋದು?"

ಅವನಿಗೆ ನಿಜವಾಗಿಯೂ ಅಳು ಬಂತು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನಿಗೆ ಇಂಥ ಮಾತು ಆಡಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ, ನೀರುಪಾಲಾದ ಹನ್ನೆರಡು ಪೆಟ್ಟಿಗೆಗಳ ಅಂಕಿಗಳನ್ನು ಹೇಳಿದ, ಅವಳು ಒಂದೊಂದಾಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಸುದ್ದಿ ಅವನಿಗಿಂತ ಮೊದಲೇ ಕಂಪನಿ ಮುಟ್ಟಿತ್ತು. ಔಷಧಿಗಾಗಿ ಪ್ರವಾಹಕ್ಕೆ ಹಾರಿದ ಮಹಾಶಯ! ದೊಡ್ಡ ಸಾಹೇಬರು ತಾವೇ ಗೋದಾಮಿಗೆ ಇಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಈ ಸಲ ನಾನಲ್ಲ, ನೀವು ನಡುವೆ ನಿಲ್ಲಬೇಕು."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಿ ಸರಿಮಾಡಿಕೊಂಡ, ಬಾಚಣಿಗೆ ಸಾಲ ತಂದು ತಲೆ ಬಾಚಿದ, ಬಾಚಿದ್ದನ್ನೇ ಮತ್ತೆ ಬಾಚಿದ. ಪ್ಯಾಕಿಂಗ್ ಹೆಂಗಸರು ಸಾಲಾಗಿ ನಿಂತು, "ಮೊಣಕೈ ಸಾಹೇಬ್ರಿಗೆ ಮುಖಾನೂ ಇದೆ ಕಣ್ರೇ," ಎಂದು ಕಿಸಕ್ಕೆಂದರು. "ಒಂದು ಖಾಲಿ ಪೆಟ್ಟಿಗೆ ಬೇಕಲ್ಲ ಸರ್," ಎಂದ ಫೋಟೋದವನು. ಇವತ್ತು ಅದನ್ನು ಬೇರೆಯವರು ತರುವುದುಂಟೇ? ಅವನೇ ಏಣಿ ಹತ್ತಿ ಮೇಲಿನ ಹಲಗೆಯಿಂದ ಎಳೆದು ತಂದ. ಕಂಪನಿಯ ಹೆಸರು ಕ್ಯಾಮೆರಾದ ಕಡೆಗೆ ತಿರುಗಿಸಿ, ಎದೆಗವಚಿಕೊಂಡು, ಹತ್ತೊಂಬತ್ತು ವರ್ಷ ಕೂಡಿಟ್ಟಿದ್ದ ನಗುವನ್ನೆಲ್ಲ ಒಂದೇ ಸಲ ನಕ್ಕ.

ಮರುದಿನ ಬೆಳಿಗ್ಗೆ ಪತ್ರಿಕೆಯ ಮುಖಪುಟದಲ್ಲಿ ಅವನೇ. ಹೆಂಡತಿ ಕನ್ನಡಿಯಿಂದ ಮೊಣಕೈ ಕಿತ್ತು ಮುಖ ಸಿಕ್ಕಿಸಿದಳು. ಹತ್ತು ಗಂಟೆಗೆ ದೊಡ್ಡ ಸಾಹೇಬರು ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ಕಾಫಿ ತರಿಸಿದರು. ಅಷ್ಟರಲ್ಲಿ ಶಿಬಿರದ ವೈದ್ಯೆಯ ಫೋನು ಬಂತು. ಹೊಗಳಿಕೆ ಅವನ ಕಿವಿಗೂ ಬೀಳಲಿ ಎಂದು ಸಾಹೇಬರು ಸ್ಪೀಕರ್ ಹಾಕಿದರು. "ಫೋಟೋ ನೋಡ್ದೆ ಸರ್, ತುಂಬಾ ಖುಷಿ ಆಯ್ತು," ಎಂದಳು ಆಕೆ. "ಎಂಬತ್ತೊಂಬತ್ತರಿಂದ ನೂರರವರೆಗೆ ಹೊಳೆ ಪಾಲಾಯ್ತು ಅಂತ ನಾನೇ ಬರ್ಕೊಂಡಿದ್ದೆ. ಅವರ ಕೈಯಲ್ಲಿ ನೂರನೇದಿದೆಯಲ್ಲ, ಎಲ್ಲಿ ಸಿಕ್ತು? ಉಳಿದ ಹನ್ನೊಂದೂ ಸಿಕ್ಕಿದ್ರೆ ಹೇಳಿ, ಈಗ್ಲೇ ಜೀಪು ಕಳಿಸ್ತೀನಿ. ಇಲ್ಲಿ ಮಕ್ಕಳ ಜ್ವರ ಇನ್ನೂ ಇಳಿದಿಲ್ಲ." ಸಾಹೇಬರು ಜೇಬಿನಲ್ಲಿ ಕನ್ನಡಕ ತಡಕುತ್ತಾ ಪತ್ರಿಕೆಯ ಮೇಲೆ ಬಾಗಿದರು. ಅಂಗೈ ಅಗಲದ ಅಂಕಿ, ಆ ದಡದಿಂದಲೂ ಓದಬಹುದಾದದ್ದು. ಅದಕ್ಕೆ ಅವರಿಗೆ ಕನ್ನಡಕ ಬೇಕಾಗಲಿಲ್ಲ.