ಗಂಟೆಗೇರಿಯ ಬೊಮ್ಮಕ್ಕ

ಬೆಟ್ಟಗಳು ಇನ್ನೂ ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲದಲ್ಲಿ ಕನಕಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಗಂಟೆಗೇರಿಯಲ್ಲಿ ನೂರು ಮನೆ ಕಂಚುಗಾರರು. ಬೊಮ್ಮಕ್ಕ ಮೇಣದಲ್ಲಿ ಗಂಟೆಯ ರೂಪ ತಿದ್ದುತ್ತಿದ್ದಳು. ತಂಗಿ ತುಂಗೆ ಅದಕ್ಕೆ ಮಣ್ಣು ಮೆತ್ತಿ ಅಚ್ಚು ಮಾಡುತ್ತಿದ್ದಳು. ಎದುರುಮನೆಯ ಕರಿಯಣ್ಣ ತಿದಿಯೊತ್ತಿ ಕುಲುಮೆ ಉರಿಸಿದರೆ, ಪಕ್ಕದ ಈರಯ್ಯಜ್ಜ ಕಂಚು ಕರಗಿಸಿ ಹೊಯ್ಯುತ್ತಿದ್ದ. ಏನು ಬೇಕಾದರೂ ಬೀದಿ ದಾಟಿದರೆ ಸಿಗುತ್ತಿತ್ತು. ಆ ಗಂಟೆಗಳ ನಾದ ಕೇಳಿದಲ್ಲಿ ಯಾವ ಮಾಟವೂ ನಿಲ್ಲುತ್ತಿರಲಿಲ್ಲ.

ಅದಕ್ಕೇ ಧೂಮಕನೆಂಬ ಮಾಂತ್ರಿಕ ರಾಜನ ಬಳಿ ಬಂದ. "ಪ್ರಭು, ಸಿರಿಯೆಲ್ಲ ಒಂದೇ ಕೇರಿಯಲ್ಲಿ ಕೂತಿದೆ. ನಾಡಿಗೊಬ್ಬರಂತೆ ಹಂಚಿಬಿಡಿ, ಎಲ್ಲ ನಾಡೂ ಬೆಳೆಯುತ್ತದೆ" ಎಂದ. ರಾಜ ಒಳ್ಳೆಯವನೇ, ಬಡ ನಾಡುಗಳ ಚಿಂತೆ ಅವನಿಗಿತ್ತು. ಹೂಂ ಎಂದ. ಗಂಟೆಗಳ ನಾಲಗೆಯನ್ನೆಲ್ಲ ಕಟ್ಟಿಸಿ ಮಾಂತ್ರಿಕ ಊದಿದ ಗಾಳಿಗೆ ಕೇರಿಯ ಜನರೆಲ್ಲ ತರಗೆಲೆಗಳಂತೆ ಹಾರಿಹೋದರು.

ಬೊಮ್ಮಕ್ಕ ಉಪ್ಪಿನ ಬಯಲಿನಲ್ಲಿ ಬಿದ್ದಳು. ಅಲ್ಲಿನವರು ಆದರದಿಂದ ಗುಡಿಸಲು ಕಟ್ಟಿಕೊಟ್ಟರು. ಅವಳು ಮೇಣ ತಿದ್ದಿದಳು. ಆದರೆ ಅಚ್ಚು ಮಾಡುವವರಿಲ್ಲ, ಕಂಚು ಹೊಯ್ಯುವವರಿಲ್ಲ. ಮೇಣದ ಗಂಟೆಗಳು ಬಿಸಿಲಿಗೆ ಕರಗಿದವು. ದಿನಾ ಸಂಜೆ "ತುಂಗೇ, ಮಣ್ಣು ಹದವಾಯಿತೇನೇ?" ಎಂದು ಅಭ್ಯಾಸಬಲದಿಂದ ಕೇಳುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಮೇಣದ ಗಂಟು ಹೊತ್ತು ಹೊರಟೇಬಿಟ್ಟಳು.

ಮೊದಲ ಗಡಿಯಲ್ಲಿ ಕಲ್ಲುಹುಲಿ ಅಡ್ಡ ಮಲಗಿತ್ತು. "ದಾಟಬೇಕಾದರೆ ನಿನ್ನ ಕೇರಿಯ ನೆನಪೊಂದನ್ನು ಕೊಡು" ಎಂದಿತು. ಬಿಸಿ ಮೇಣದ ವಾಸನೆಯನ್ನು ಕೊಟ್ಟಳು. ಆಚೆ, ಆರಿದ ಕುಲುಮೆಯ ಮುಂದೆ ಕರಿಯಣ್ಣ ಕೂತಿದ್ದ. ಅವನೂ ಜೊತೆಗೆ ಹೊರಟ.

ಎರಡನೆಯ ಗಡಿಯಲ್ಲಿ ಏಳು ಹೆಡೆಯ ಹಾವು ಅದನ್ನೇ ಕೇಳಿತು. ಅವ್ವನ ಜೋಗುಳವನ್ನು ಕೊಟ್ಟಳು. ಆಚೆ ಈರಯ್ಯಜ್ಜ ಸಿಕ್ಕಿದ. ತನ್ನ ಪಾಲಿನ ಕಂಚನ್ನೆಲ್ಲ ಹೆಗಲಿಗೇರಿಸಿಕೊಂಡ.

ಮೂರನೆಯ ಗಡಿಯಲ್ಲಿ ಬೆಂಕಿಹದ್ದು ಹೇಳಿತು: "ಯಾರಿಗಾಗಿ ಹೊರಟೆಯೋ ಅವಳ ಮುಖವನ್ನೇ ಕೊಡು."

"ಕೊಟ್ಟರೆ ಗುರುತು ಹಿಡಿಯುವುದು ಹೇಗವ್ವಾ?" ಎಂದ ಅಜ್ಜ.

"ಅವಳು ನನ್ನ ಗುರುತು ಹಿಡಿಯುತ್ತಾಳಲ್ಲ ಅಜ್ಜ" ಎಂದು ಬೊಮ್ಮಕ್ಕ ತಂಗಿಯ ಮುಖದ ನೆನಪನ್ನು ಕೊಟ್ಟುಬಿಟ್ಟಳು.

ಹೊಳೆದಂಡೆಯಲ್ಲಿ ಖಾಲಿ ಅಚ್ಚುಗಳ ನಡುವೆ ಕೂತಿದ್ದ ಹೆಂಗಸೊಬ್ಬಳು "ಅಕ್ಕಾ" ಎನ್ನುತ್ತ ಓಡಿಬಂದಳು. ಬೊಮ್ಮಕ್ಕ ಅವಳನ್ನು ನೋಡಿಯೇ ನೋಡಿದಳು. "ನೀನು ಯಾರು ತಾಯಿ?" ಎಂದಳು.

ತುಂಗೆ ಅಳುತ್ತಲೇ ಮಣ್ಣು ಕಲಸಿದಳು. ಒಬ್ಬಳು ಮೇಣ ತಿದ್ದಿದಳು, ಒಬ್ಬಳು ಅಚ್ಚು ಕಟ್ಟಿದಳು, ಕರಿಯಣ್ಣ ತಿದಿಯೊತ್ತಿದ, ಅಜ್ಜ ಕಂಚು ಹೊಯ್ದ. ಗಂಟೆಯ ನಾದ ಬೆಟ್ಟದಿಂದ ಬೆಟ್ಟಕ್ಕೆ ದಾಟಿ ಅರಮನೆ ತಲುಪಿತು. ಧೂಮಕ ನಿಂತಲ್ಲೇ ಹೊಗೆಯಾಗಿ ಹೋದ. ಬೊಮ್ಮಕ್ಕನ ನೆನಪುಗಳು ಮರಳಿದವು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟು ಸೊರಗಿದ್ದೀಯೇ" ಎಂದಳು.

ಕೇರಿ ಮತ್ತೆ ತುಂಬಿತು. ರಾಜ ತಲೆತಗ್ಗಿಸಿ ಕೇಳಿದ: "ಆ ಬಡ ನಾಡುಗಳಿಗೆ ಏನು ಮಾಡೋಣ ತಾಯಿ?"

"ಅಲ್ಲಿನವರು ಇಲ್ಲಿಗೆ ಬಂದು ಕಲಿಯಲಿ ಪ್ರಭು. ಆಮೇಲೆ ಒಬ್ಬೊಬ್ಬರನ್ನಲ್ಲ, ಒಂದಿಡೀ ಕೇರಿಯನ್ನೇ ಕಳಿಸೋಣ."

ಏಳು ವರ್ಷ ಕಳೆದು ಕೆಲಸ ಕಲಿತ ನಲವತ್ತು ಮನೆಯವರು ಒಟ್ಟಿಗೆ ಉಪ್ಪಿನ ಬಯಲಿಗೆ ಹೊರಟರು. ಅಚ್ಚಿನ ಕೆಲಸ ಶುರುಮಾಡಿಕೊಡಲು ತುಂಗೆಯೂ ಹೋಗಿ ಅಲ್ಲೇ ನೆಲೆಸಿದಳು. ಬಯಲು ಊರಾಯಿತು, ಎಲ್ಲರೂ ಸುಖವಾಗಿದ್ದರು. ಬೊಮ್ಮಕ್ಕನೂ ಸುಖವಾಗಿಯೇ ಇದ್ದಳು. ಆ ದಾರಿಯಿಂದ ಬಂದವರನ್ನೆಲ್ಲ ಕೂರಿಸಿ, ಮಜ್ಜಿಗೆ ಕೊಟ್ಟು, ಅವರು ಕುಡಿದು ಮುಗಿಸುವ ಮೊದಲೇ ಕೇಳುತ್ತಿದ್ದಳು: "ನಮ್ಮ ತುಂಗೆ ಹೇಗಿದ್ದಾಳೆ?"