ಚಿಕ್ಕ ಕೋರ್ಸು

ಕೇದಾರ ಅವರನ್ನು ಮೊದಲ ಸಲ ನೋಡಿದ ದಿನವೇ ಅವರ ಮೇಲೆ ರೇಗಿದೆ. ಲಿವರ್‌ಮೋರಿನಿಂದ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಗೆ ಒಬ್ಬ ಪೇಷಂಟಿಗೆ ರೈಡ್ ಬೇಕೆಂದು ನಮ್ಮ ವಾಲಂಟಿಯರ್ ಗುಂಪಿನಲ್ಲಿ ಮೆಸೇಜು ಬಂದಿತ್ತು. ಯಾರೋ ಕೈಲಾಗದ ಮುದುಕರಿರಬೇಕೆಂದು ಹಿಂದಿನ ಸೀಟಿನಲ್ಲಿ ದಿಂಬು, ಹೊದಿಕೆ ಹಾಸಿಕೊಂಡು ಹೋದೆ. ಅಪಾರ್ಟ್‌ಮೆಂಟಿನ ಎದುರು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ಎತ್ತರದ ಆಳಿಗೆ, ಪೇಷಂಟನ್ನು ಬೇಗ ಕೆಳಗೆ ಕರೆತನ್ನಿ, ಇಲ್ಲಿ ಗಾಡಿ ನಿಲ್ಲಿಸುವಂತಿಲ್ಲ ಎಂದು ಜೋರು ಮಾಡಿದೆ.

"ಪೇಷಂಟ್ ಅಂದ್ರ ನಾನ ರೀ," ಎಂದರು. ದಿಂಬನ್ನು ನೋಡಿ, ಅಲ್ಲಿ ಕೂಡಬೇಕೋ ಮಲಗಬೇಕೋ ಎಂದು ಕೇಳಿದರು.

ಅವರು ಬಾಗಲಕೋಟೆಯವರು, ವಯಸ್ಸು ಅರವತ್ತೊಂದು, ಲಿವರ್‌ಮೋರಿನ ಸಂಶೋಧನಾ ಲ್ಯಾಬಿನಲ್ಲಿ ಇಂಜಿನಿಯರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಾನು ಹುಬ್ಬಳ್ಳಿಯವಳು, ಐವತ್ತು ದಾಟಿದವಳು, ಡೈವೋರ್ಸ್ ಆದವಳು. ಗಂಡಸರೆಂದರೆ ನನಗೆ ಅಷ್ಟಕ್ಕಷ್ಟೇ.

ಅವರ ಪ್ರಾಸ್ಟೇಟ್ ಕ್ಯಾನ್ಸರ್ ಆಗಲೇ ಕಿಬ್ಬೊಟ್ಟೆಯ ಗ್ರಂಥಿಗಳಿಗೆ ಹಬ್ಬಿತ್ತು. ವಾರಗಟ್ಟಲೆ ದಿನವೂ ಕೊಡುವ ರೇಡಿಯೇಶನ್ನನ್ನು ಐದೇ ಸಲಕ್ಕೆ, ದೊಡ್ಡ ಡೋಸಿನಲ್ಲಿ ಕೊಟ್ಟರೆ ಅಷ್ಟೇ ಗುಣವಾಗುತ್ತದೆಯೇ ಎಂದು ನೋಡುವ ಟ್ರಯಲ್ ಒಂದಕ್ಕೆ ಅವರು ಒಪ್ಪಿದ್ದರು. ಯಾರಿಗೆ ಉದ್ದದ ಕೋರ್ಸು, ಯಾರಿಗೆ ಚಿಕ್ಕದು ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಕಂಪ್ಯೂಟರ್ ಆರಿಸುತ್ತದೆ.

ಅದು ಗೊತ್ತಾಗುವ ಮೊದಲು ಸ್ಕ್ಯಾನು, ರಕ್ತಪರೀಕ್ಷೆ ಎಂದು ಎಷ್ಟೋ ಸಲ ಓಡಾಡಿದೆವು. ಒಂದು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ ಒಯ್ದಿದ್ದೆ. ನಮ್ಮಲ್ಲಿ ಹಳಬರು ಲಿಂಗಪೂಜೆ ಆಗುವತನಕ ನೀರನ್ನೂ ಮುಟ್ಟುವುದಿಲ್ಲವಲ್ಲ, ಅದಕ್ಕೇ ಪೂಜೆ ಆಯಿತೇ ಎಂದು ಕೇಳಿದೆ. ಹೆಂಡತಿ ಹೋದ ಮೇಲೆ ಪೂಜೆ ಬಿಟ್ಟಿದ್ದೇನೆ ಎಂದು ಹೇಳಿ ಎರಡು ಕಪ್ ಕುಡಿದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಲೇನ್ ಬದಲಿ ಮಾಡೂವಾಗ ನಾಲಿಗಿ ಕಚ್ಚತೀರಿ," ಎಂದರು. ನಾನು ಕಣ್ಣು ರಸ್ತೆಯ ಮೇಲೇ ಇಟ್ಟಿದ್ದೆ. ಆದರೂ ಅವರು ನೋಡುತ್ತಿರುವುದು ಕೆನ್ನೆಗೆ ಗೊತ್ತಾಗುತ್ತಿತ್ತು. ಬೇ ಬ್ರಿಡ್ಜ್ ದಾಟುವವರೆಗೆ ಒಂದೂ ಲೇನ್ ಬದಲಿಸಲಿಲ್ಲ.

ಕಂಪ್ಯೂಟರ್ ಚಿಕ್ಕ ಕೋರ್ಸನ್ನು ಆರಿಸಿತು. ನಾನು ಖುಷಿಯಿಂದ ಕಂಗ್ರಾಟ್ಸ್ ಹೇಳಿದೆ. "ಛಲೋ ಆತು ಬಿಡ್ರಿ," ಎಂದು ಕಿಟಕಿಯ ಹೊರಗೆ ನೋಡಿದರು. ದನಿಯಲ್ಲಿ ಛಲೋ ಏನೂ ಇರಲಿಲ್ಲ. ಭಯವಿರಬೇಕೆಂದುಕೊಂಡೆ.

ಈ ರೇಡಿಯೇಶನ್ನಿಗೆ ಮೊದಲು ಸಾಕಷ್ಟು ನೀರು ಕುಡಿದಿರಬೇಕು. ಮೂತ್ರಕೋಶ ತುಂಬಿದ್ದರೆ ಅದರ ಹೆಚ್ಚಿನ ಭಾಗ ಕಿರಣದ ದಾರಿಯಿಂದ ದೂರ ಸರಿದಿರುತ್ತದೆ. ಎರಡು ಸಲ ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ಸಲ ಟ್ರಯಲ್ ನೋಡಿಕೊಳ್ಳುವ ಹುಡುಗಿ ಶಿವಾನಿ ಹೊರಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ನಿಧಾನವಾಗಿ ಜೋಡಿಸಿ ಮಾತಾಡುತ್ತಾಳೆ. ಅಂಕಲ್ ಪೂಜೆ ಆಗಿಲ್ಲ ಅಂತ ನೀರು ಕುಡಿದಿಲ್ಲ, ಇವತ್ತು ಮಶೀನ್ ಮತ್ತೆ ಖಾಲಿಯಾಗುವುದಿಲ್ಲ, ಅದಕ್ಕೆ ಇವತ್ತಿನದು ರದ್ದು, ಮುಂದಿನ ಸಲದಿಂದ ಪೂಜೆಗೆ ಅಡ್ಡಿಯಾಗದ ಹಾಗೆ ಮಧ್ಯಾಹ್ನದ ಸ್ಲಾಟ್ ಕೊಡುತ್ತೇವೆ ಎಂದಳು. ಅವಳ ಮುಖದಲ್ಲಿ ಎಂಥ ಗೌರವ! ನನಗೆ ನೆತ್ತಿಯವರೆಗೆ ಸಿಟ್ಟು ಏರಿತು.

ವಾಪಸು ಬರುವ ದಾರಿಯಲ್ಲಿ ಕ್ಯಾಸ್ಟ್ರೋ ವ್ಯಾಲಿ ಎಂಬ ಊರು ಬರುತ್ತದೆ. ಅಲ್ಲಿ ಫ್ರೀವೇ ಇಳಿದು ಒಂದು ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದೆ.

"ದೇವರ ಹೆಸರಲೆ ಸುಳ್ಳು ಹೇಳಿದ್ರಿ. ಯಾಕ?"

ಅವರು ಸೀಟ್ ಬೆಲ್ಟನ್ನು ಸವರಿದರು. "ಐದ ಸಲ ಅಂದ್ರು. ಇವತ್ತಿಂದು ಆಗಿದ್ರ ಇನ್ನ ಎರಡ ಉಳೀತಿದ್ವು. ಆಮ್ಯಾಲೆ ನೀವು ಯಾಕ ಬರ್ತೀರಿ?"

ಜಗತ್ತೆಲ್ಲ ಚಿಕ್ಕ ಕೋರ್ಸು ಸಿಗಲಿ ಎಂದು ಹಾರೈಸುತ್ತಿದ್ದರೆ, ಈ ಮನುಷ್ಯ ಉದ್ದದ್ದು ಬೇಕೆಂದು ಒಳಗೊಳಗೇ ಬೇಡಿಕೊಂಡಿದ್ದರು. ಕಾರಿನಲ್ಲಿ ನನ್ನ ಪಕ್ಕ ಇನ್ನೊಂದು ದಿನ ಕೂಡಲು ಜೀವವನ್ನೇ ಪಣಕ್ಕಿಟ್ಟಿದ್ದರು. ಹೊಡೆಯಬೇಕೆನಿಸಿತು. ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಸ್ಟೀರಿಂಗ್ ಹಿಡಿದುಕೊಂಡೆ.

"ಹಾರ್ಮೋನ್ ಇಂಜೆಕ್ಷನ್ ಕೊಡ್ತಾರಲ್ರಿ, ಅದರಿಂದ ಗಂಡಸ್ತನ ಅನ್ನೂದು ಏನೂ ಉಳದಿಲ್ಲ," ಎಂದರು ಮೆಲ್ಲಗೆ. "ಆದ್ರ ಮುಂಜಾನೆ ಎದ್ದು ನಿಮ್ಮ ಗಾಡಿ ದಾರಿ ಕಾಯೂದು ಹೋಗವಲ್ದು, ನಿವೇದಿತಾ."

ಅವರು ನನ್ನ ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಮೊದಲ ಬದುಕ್ರಿ," ಎಂದೆ. "ನಾ ಎಲ್ಲಿ ಹೋಗ್ತೀನಿ?"

ಮುಂದಿನ ಸಲಗಳಲ್ಲಿ ಬಾಟಲಿ ಕೈಗೆ ಕೊಟ್ಟು, ಕೊನೆಯ ಗುಟುಕು ಗಂಟಲಿಗೆ ಇಳಿಯುವತನಕ ಎದುರಿಗೇ ಕೂತೆ. ಅವರು ನೀರು ಕುಡಿಯುತ್ತ ಬಾಟಲಿಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ನೀರು ನೋಡಿ ಕುಡಿಯಿರಿ ಎಂದು ಗದರುತ್ತಿದ್ದೆ. ಹಾಗೆ ಕೋರ್ಸು ಮುಗಿಯಿತು. ಆಮೇಲೂ ಸಂಜೆಗಳಲ್ಲಿ ಹೋಗುತ್ತಿದ್ದೆ, ರೊಟ್ಟಿ ಕೊಡುವ ನೆಪ ಹೇಳಿಕೊಂಡು.

ಕೆಲವು ತಿಂಗಳ ನಂತರದ ಪರೀಕ್ಷೆಗೂ ನಾನೇ ಕರೆದೊಯ್ದೆ. ಇಂಜೆಕ್ಷನ್ ನಡೆಯುತ್ತಿದ್ದರೂ ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಏರಿತ್ತು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೇಲೆ ಕಲೆಗಳು. ನಾನೇ ಕೇಳಿದೆ, ಅವತ್ತು ಒಂದು ದಿನ ತಪ್ಪಿದ್ದಕ್ಕೆ ಹೀಗಾಯಿತೇ ಎಂದು. ಅಲ್ಲ ಎಂದರು ಡಾಕ್ಟರು. ಟ್ರೀಟ್‌ಮೆಂಟಿಗೆ ಮೊದಲೇ ಅದು ಕಣ್ಣಿಗೆ ಕಾಣದಂತೆ ಮೂಳೆಗೆ ಹೊರಟಿರಬೇಕು, ಉದ್ದದ ಕೋರ್ಸಾಗಿದ್ದರೂ ಅದನ್ನು ತಡೆಯುತ್ತಿರಲಿಲ್ಲ. ಇನ್ನು ಬೇರೆ ಔಷಧಿಗಳಿವೆ, ಅವು ರೋಗವನ್ನು ಮುಂದೂಡಬಲ್ಲವು, ಪೂರ್ತಿ ತೆಗೆಯಲಾರವು.

ವಾಪಸು ಬರುವಾಗ, ಮುಂದಿನ ಸಲ ಬೇರೆ ಯಾರಿಗಾದರೂ ಹೇಳುತ್ತೇನೆ ಎಂದರು. ಇನ್ನು ನೋಡುವುದೆಲ್ಲ ಕೆಟ್ಟದ್ದೇ, ಅದನ್ನು ನೀವು ನೋಡುವುದು ಬೇಡ ಎಂದರು.

"ವಾಲಂಟಿಯರ್ ಗುಂಪು ಬಿಟ್ಟು ಬಾಳ ದಿನ ಆತ್ರಿ," ಎಂದೆ. "ನಾ ಸೇವಾ ಮಾಡಾಕ ಬರಾಕತ್ತಿಲ್ಲ. ನನಗ ನೀವು ಬೇಕು."

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಅವರ ಅಪಾರ್ಟ್‌ಮೆಂಟ್ ಬಂದಾಗ, ಔಷಧಿ ಮತ್ತು ಬಟ್ಟೆ ತಗೊಂಡು ಬನ್ನಿ, ನಮ್ಮ ಮನೆಯಲ್ಲಿ ಗೆಸ್ಟ್ ರೂಮ್ ಇದೆ ಎಂದೆ.

"ಗೆಸ್ಟ್ ರೂಮಿನ್ಯಾಗ ಇರಬೇಕೇನ್ರಿ?"

"ಬಟ್ಟಿ ಅಲ್ಲಿ. ನೀವು ನನ್ನ ಮಗ್ಗಲಕ."

ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಮೊದಲಾಗಿದ್ದರೆ ಕಂಬಿ ಬೇಕಾಗುತ್ತಿರಲಿಲ್ಲ. ಅವರು ಮರೆಯಾದ ಮೇಲೆ ಅತ್ತುಬಿಟ್ಟೆ. ಕೆಳಗೆ ಬಂದಾಗ ಕೈಯಲ್ಲಿದ್ದದ್ದು ಒಂದು ಸಣ್ಣ ಬ್ಯಾಗು. ಕಸಿದುಕೊಂಡು ಜಿಪ್ ತೆಗೆದು ನೋಡಿದೆ. ತೆಳು ಅಂಗಿಗಳು, ಮಾತ್ರೆಗಳು, ಅಷ್ಟೆ.

ಜೂನ್ ತಿಂಗಳು. ಲಿವರ್‌ಮೋರಿನಲ್ಲಿ ನೆಲ ಸುಡುತ್ತಿತ್ತು. ಚಳಿಗಾಲದ ಕೋಟು ಎಲ್ಲಿ ಎಂದು ಕೇಳಿ, ಅದನ್ನು ತರಲು ಅವರನ್ನು ಮತ್ತೆ ಮೇಲೆ ಕಳಿಸಿದೆ.